ಎಂಟೆದೆಯ ಲೆಕ್ಕ

ಮಣಿಪಾಲದ ಟೈಗರ್ ಸರ್ಕಲಿನಲ್ಲಿ ಬಸ್ಸಿಗೆ ಕಾದು ನಿಂತಿದ್ದ ತರುಣನೊಬ್ಬನು, ಎದುರಿಗೆ ಎಡೆಬಿಡದೆ ಹರಿಯುತ್ತಿದ್ದ ವಾಹನಗಳನ್ನು ನೋಡಿ, "ಇದನ್ನು ದಾಟ್ಲಿಕ್ಕೆ ಎಂಟೆದೆ ಬೇಕು ಮಾರಾಯಾ" ಎಂದು ಸಂಗಡಿಗನಿಗೆ ಹೇಳಿದುದು ನನ್ನ ಕಿವಿಗೆ ಬಿದ್ದಿತು. ಇಂಥ ಹಳೆಯ ನುಡಿಯು ನಮ್ಮ ಹುಡುಗರ ಬಾಯಲ್ಲಿ ಇನ್ನೂ ಉಳಿದಿದೆಯೆಂದು ಸಂತೋಷವಾಯಿತು. ಆದರೆ ಈಚೆಗೆ ಪಕ್ಷ ಬಿಟ್ಟವನಿಗೂ ಎಂಟೆದೆ, ಕೊನೆಯ ಓವರಿನಲ್ಲಿ ಸಿಕ್ಸರ್ ಬಾರಿಸಿದವನಿಗೂ ಎಂಟೆದೆ, ಸಾಲ ಮಾಡಿ ಹೋಟೆಲು ತೆರೆದವನಿಗೂ ಎಂಟೆದೆ ಎಂದು ಜನರೂ ಪತ್ರಿಕೆಗಳೂ ಧಾರಾಳವಾಗಿ ಹಂಚುತ್ತಿರುವುದನ್ನು ಕಂಡಾಗ, ರಣಾಂಗಣದಲ್ಲಿ ಹುಟ್ಟಿದ ಶಬ್ದವು ತನ್ನ ಮನೆಯನ್ನೇ ಮರೆಯುತ್ತಿದೆಯಲ್ಲಾ ಎಂದು ಮನಸ್ಸು ನೋಯುತ್ತದೆ.

ಅಷ್ಟಕ್ಕೂ ಎಂಟೇ ಏಕೆ? ಅಷ್ಟಮಠಗಳ ಊರಾದ ಉಡುಪಿಯಲ್ಲಿ ಎಂಟರ ಮಹಿಮೆಗೆ ಬೇರೆ ಪ್ರಮಾಣ ಬೇಕಿಲ್ಲ. ಅದು ಪೂರ್ಣತೆಯ ಸಂಖ್ಯೆಯೆಂದು ಹೇಳಿ ಮುಗಿಸುವವರು ಉಂಟು. ನನ್ನ ಪಕ್ಷ ಬೇರೆ. ಶತ್ರುವಿಗೆ 'ಎದೆಯೊಡ್ಡುವುದು' ಎಂದು ನಾವು ಹೇಳುತ್ತೇವೆ. ಒಂದು ಎದೆಯನ್ನು ಒಂದೇ ದಿಕ್ಕಿಗೆ ಒಡ್ಡಲು ಸಾಧ್ಯ. ಎದುರುಬದುರು ನಿಂತು ಮಾಡುವ ದ್ವಂದ್ವಯುದ್ಧಕ್ಕೆ ಅಷ್ಟು ಸಾಕು. 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಿಸಿದ, 42 ಅಡಿ ಎತ್ತರದ ಕಾರ್ಕಳದ ಗೊಮ್ಮಟನನ್ನು ನೋಡಿರಿ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣನನ್ನು ಗೆದ್ದು ಎಲ್ಲವನ್ನೂ ತೊರೆದು ನಿಂತ ಆ ಮಹಾವೀರನದು ವಿಶಾಲವಾದ ಒಂದೇ ಎದೆ. ಆದರೆ ವೈರಿಯ ಕೋಟೆಯೊಳಕ್ಕೇ ನುಗ್ಗಿದವನನ್ನು ಎಣಿಸಿರಿ. ಅವನಿಗೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಎಂಟು ದಿಕ್ಕುಗಳಿಂದಲೂ ಬರುವ ಆಯುಧಗಳಿಗೆ ಎಂಟು ಕಡೆಗೂ ಎದೆಯನ್ನು ಒಡ್ಡಬೇಕು. ಈ ಲೆಕ್ಕದಿಂದಲೇ ಎಂಟೆದೆಯು ಹುಟ್ಟಿತೆಂದು ನಾನು ದೃಢವಾಗಿ ನಂಬಿದ್ದೇನೆ.

ನನ್ನ ನಂಬುಗೆಗೆ ಆಧಾರವನ್ನು ಉಡುಪಿಯಿಂದ ಕಾಪುವಿಗೆ ಹೋಗುವ ಹಾದಿಯಲ್ಲೇ ತೋರಿಸುತ್ತೇನೆ. ಈಗಿನ ಉದ್ಯಾವರವೇ ಆಳುಪರ ರಾಜಧಾನಿಯಾಗಿದ್ದ ಉದಯಾಪುರ. ಸುಮಾರು ಎಂಟನೆಯ ಶತಮಾನದಲ್ಲಿ ಆ ರಾಜವಂಶದೊಳಗೇ ಕಲಹ ಹುಟ್ಟಿ, ರಣಸಾಗರ, ಶ್ವೇತವಾಹನ ಮೊದಲಾದವರ ಪಕ್ಷಗಳು ಪಟ್ಟಣಕ್ಕಾಗಿ ಕಾದಾಡಿದುವು. ಆಗ ಪಟ್ಟಣವನ್ನು ಹೊಕ್ಕು, ಹೋರಾಡಿ, ಸ್ವರ್ಗವನ್ನೇರಿದ ಭಟರ ಸ್ಮರಣೆಗಾಗಿ ಅಲ್ಲಿ ಹಳಗನ್ನಡ ಶಾಸನಗಳನ್ನು ಕೊರೆಯಿಸಿ ನಿಲ್ಲಿಸಿದರು. ಹೊಕ್ಕವರು ಎಂಬುದೇ ನನಗೆ ಮುಖ್ಯ.

ಆ ಶಾಸನಗಳನ್ನು ನೆನೆದಾಗಲೆಲ್ಲ ನನಗೆ ಒಂದು ಗಾದೆಯೂ ನೆನಪಾಗುತ್ತದೆ: ಎದೆ ಸೀಳಿದರೆ ಮೂರಕ್ಷರವಿಲ್ಲ. ಎರಡಕ್ಷರವೆನ್ನುವವರೂ ನಾಲ್ಕೆನ್ನುವವರೂ ಇದ್ದಾರೆ. ಬಾಲ್ಯದಲ್ಲಿ ಪಾಠ ಒಪ್ಪಿಸಲಾರದ ಹುಡುಗರಿಗೆ ಈ ಗಾದೆಯು ಬೆತ್ತದ ಮುನ್ನುಡಿಯಾಗಿ ಬರುತ್ತಿತ್ತು. ವಿದ್ಯೆಯು ತಲೆಯಲ್ಲಿರದೆ ಎದೆಯಲ್ಲಿರುತ್ತದೆಂಬ ಹಿರಿಯರ ತಿಳಿವಳಿಕೆ ಅದರಲ್ಲಿ ಅಡಗಿದೆ. ಕಂಠಪಾಠವು ಗಂಟಲಿನವರೆಗೆ, ಅರ್ಥವಾದುದು ಎದೆಯವರೆಗೆ ಎಂಬುದೇ ಅದರ ತಾತ್ಪರ್ಯವಾಗಿರಬೇಕು. ಆದರೆ ಉದಯಾಪುರವನ್ನು ಹೊಕ್ಕು ಮಡಿದ ಆಳುಗಳಲ್ಲಿ ಓದು ಬರೆಹ ಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಎದೆಯೊಳಗೆ ಅಕ್ಷರವಿಲ್ಲದೆಯೇ ಅವರು ಎದೆಯನ್ನು ಸೀಳಿಸಿಕೊಂಡರು. ಅಕ್ಷರಗಳು ಆಮೇಲೆ ಬಂದು ಕಲ್ಲಿನ ಮೇಲೆ ನಿಂತುವು. ಅರಸರ ದಾನಶಾಸನಗಳಲ್ಲಿ ಭೂಮಿಯ ಗಡಿಯುಂಟು, ತೆರಿಗೆಯ ವಿವರವುಂಟು. ಈ ಕಲ್ಲುಗಳಲ್ಲಿರುವುದು ಸಾಮಾನ್ಯ ಭಟನ ಕೊನೆಯ ದಿನ. ತುಳುನಾಡಿನ ಅತಿ ಪ್ರಾಚೀನವಾದ ಬರೆಹಗಳಲ್ಲಿ ಅಂಥವನಿಗೆ ಸ್ಥಾನ ದೊರೆತುದು ನಮ್ಮ ಸೀಮೆಗೆ ಭೂಷಣವೆಂದು ನಾನು ಭಾವಿಸುತ್ತೇನೆ.

ಹೊಕ್ಕವರ ಸಾಲಿನಲ್ಲಿ ನಮ್ಮ ಕಾಲದವರೊಬ್ಬರು ಕೊಡಗಿನ ಅಜ್ಜಮಾಡ ದೇವಯ್ಯನವರು. 1965ರ ಸೆಪ್ಟೆಂಬರ್ 7ರ ಮುಂಜಾನೆ ವಾಯುಪಡೆಯ 1ನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಾಗ, ಕಾಯ್ದಿರಿಸಿದ ಚಾಲಕರಾಗಿದ್ದ ಸ್ಕ್ವಾಡ್ರನ್ ಲೀಡರ್ ದೇವಯ್ಯನವರು ಕಡೆಯ ಗಳಿಗೆಯಲ್ಲಿ ತಂಡವನ್ನು ಸೇರಿಕೊಂಡರು. ಶಬ್ದಕ್ಕಿಂತ ಇಮ್ಮಡಿ ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವೊಂದು ಅವರ ಮೇಲೆರಗಿ ಪೆಟ್ಟುಕೊಟ್ಟಿತು. ವೇಗದಲ್ಲಿ ಅದಕ್ಕೆ ಯಾವ ರೀತಿಯಿಂದಲೂ ಸಾಟಿಯಲ್ಲದ, ಅದರ ಮೇಲೆ ಗಾಯಗೊಂಡಿದ್ದ ತಮ್ಮ ವಿಮಾನವನ್ನು ತಿರುಗಿಸಿ ಅವರು ಕಾದಿದರು, ವೈರಿಯ ವಿಮಾನವನ್ನು ಕೆಡವಿದರು, ತಾವು ಮರಳಲಿಲ್ಲ. ಆಕಾಶದಲ್ಲಿ ಮೇಲೂ ಕೆಳಗೂ ಸೇರಿ ಹತ್ತು ದಿಕ್ಕುಗಳು. ನಮ್ಮ ಪೂರ್ವಿಕರು ವಿಮಾನವನ್ನು ಕಂಡಿದ್ದರೆ 'ಹತ್ತೆದೆ' ಎಂದೇ ಹೇಳುತ್ತಿದ್ದರು.

ಇಲ್ಲಿ ಅವರು ಕಾಣೆಯಾದವರೆಂದಷ್ಟೇ ತಿಳಿದಿತ್ತು. ನಡೆದ ಸಂಗತಿಯು ಬಹುಕಾಲ ಕಳೆದ ಮೇಲೆ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕದ ಮೂಲಕ ಹೊರಬಿದ್ದಿತು. ಭಾರತ ಸರಕಾರವು 1988ರಲ್ಲಿ, ಎಂದರೆ 23 ವರ್ಷಗಳ ಅನಂತರ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನಿತ್ತು ಗೌರವಿಸಿತು. ಪದಕವನ್ನು ಚುಚ್ಚಬೇಕಾದುದು ಎಡ ಎದೆಯ ಮೇಲೆ. ಮರಣೋತ್ತರ ಪದಕವನ್ನಾದರೋ ಪೆಟ್ಟಿಗೆಯಲ್ಲಿಟ್ಟು ಮನೆಯವರ ಕೈಗೆ ಕೊಡುತ್ತಾರೆ. ರಾಷ್ಟ್ರಪತಿಯ ಮುಂದೆ ನೆಟ್ಟಗೆ ನಿಂತು ಅದನ್ನು ಸ್ವೀಕರಿಸುವ ತಾಯಂದಿರಿಗೂ ಪತ್ನಿಯರಿಗೂ ನಾನು ಎಂಟೆದೆಯೆಂಬ ಶಬ್ದವನ್ನು ಸಂಕೋಚವಿಲ್ಲದೆ ಸಲ್ಲಿಸುತ್ತೇನೆ.

ಆದುದರಿಂದ ಪತ್ರಿಕೆಗಳಲ್ಲಿ ತಲೆಬರೆಹ ಬರೆಯುವ ಕಿರಿಯ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ರಸ್ತೆಗೂ ಪರೀಕ್ಷೆಗೂ ಚುನಾವಣೆಗೂ 'ಧೈರ್ಯ' ಎಂಬ ಶಬ್ದ ಯಥೇಷ್ಟವಾಗಿ ಸಾಕು; ಅದನ್ನು ಬಳಸಿರಿ. ಎಂಟೆದೆಯನ್ನು ತೆಗೆದಿರಿಸಿ, ಬರುವ ಸೆಪ್ಟೆಂಬರ್ 7ರಂದು ದೇವಯ್ಯನವರ ಹೆಸರಿನ ಜೊತೆಗೆ ಅಚ್ಚುಹಾಕಿರಿ.