ಛದದಿಂದ ತುರುಪಿನವರೆಗೆ: ಹಾಸನ ಸೀಮೆಯ ಹಿನ್ನೆಲೆಯಲ್ಲಿ ಎಲೆಯಾಟದ ಚರಿತ್ರೆ

ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾಯಿತೆಂಬುದಕ್ಕೆ ಶಾಸನದ ಆಧಾರವಿದೆ. ಹಳೇಬೀಡಿನ ಹೊಯ್ಸಳೇಶ್ವರವನ್ನೂ ಅರಸೀಕೆರೆಯ ಶಿವಾಲಯವನ್ನೂ ಕಲ್ಲಿನ ಸಾಕ್ಷ್ಯದಿಂದಲೇ ಅಭ್ಯಸಿಸಬಹುದು. ಆದರೆ ಇದೇ ಸೀಮೆಯ ಜಗಲಿಗಳಲ್ಲಿ ಮನೆಮಂದಿ, ನೆಂಟರು, ಗೆಳೆಯರು ಕೂಡಿ ಆಡುವ ಎಲೆಯಾಟಕ್ಕೆ ಅಂಥ ಸಾಕ್ಷ್ಯ ದೊರೆಯದು. ಆಟ ಮುಗಿದೊಡನೆ ಎಲೆಗಳನ್ನು ಕಲಸಲಾಗುತ್ತದೆ. ಅದರ ಕಟ್ಟಳೆಗಳು ಆಡುವವರ ನೆನಪಿನಲ್ಲಿ ಉಳಿಯುತ್ತವೆ. ಆದುದರಿಂದ ಎಲೆಯಾಟದ ಚರಿತ್ರೆಯೆಂದರೆ ಬಹುಮಟ್ಟಿಗೆ ನೆನಪಿನ ಚರಿತ್ರೆಯೇ ಆಗಿದೆ.

ಹೊಯ್ಸಳರ ಕಾಲದಲ್ಲಿ ಈ ಆಟವಿರಲಿಲ್ಲ. ಬೇಲೂರಿನ ದೇವಾಲಯಕ್ಕೆ ಸಮಕಾಲೀನವೆನ್ನಬಹುದಾದ, ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ರಾಜವಿನೋದಗಳ ನಡುವೆ ಪಗಡೆ, ಚದುರಂಗಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಎಲೆಯಾಟದ ಪ್ರಸಿದ್ಧ ಆರಂಭಿಕ ಉಲ್ಲೇಖ ದೊರೆಯುವುದು ಬಾಬರನ ಆತ್ಮಕಥನದಲ್ಲಿ: 1527ರಲ್ಲಿ ಆತನು ಸಿಂಧದ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದನು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಈ ಆಟದ ವಿವರಗಳಿವೆ. ಮೊಗಲ ಗಂಜೀಫಾದಲ್ಲಿ 8 ಬಣ್ಣ, ಬಣ್ಣಕ್ಕೆ 12ರಂತೆ 96 ಎಲೆಗಳು. ಹಿಂದೂ ಪರಂಪರೆಯ ದಶಾವತಾರ ಗಂಜೀಫಾದಲ್ಲಿ 10 ಬಣ್ಣ, 120 ಎಲೆಗಳು. ಒಬ್ಬನು ಎಲೆ ಇಳಿಸಿ ಉಳಿದವರು ತಮ್ಮ ಎಲೆ ಹಾಕಿದ ಮೇಲೆ, ಮೇಲಿನ ಎಲೆಯವನು ಆ ಸುತ್ತನ್ನು ಎತ್ತಿಕೊಳ್ಳುತ್ತಾನೆ. ಇದರಲ್ಲಿ ತುರುಪು ಇಲ್ಲ. ಅರ್ಧದಷ್ಟು ಬಣ್ಣಗಳಲ್ಲಿ ಅಂಕಿಗಳ ಮೇಲುಕೀಳು ತಿರುಗುಮುರುಗಾಗಿರುತ್ತದೆ. ಯಾವ ಎಲೆ ಆಗಲೇ ಬಿದ್ದಿದೆ, ಯಾವುದು ಇನ್ನೂ ಯಾರ ಕೈಯಲ್ಲಿದೆ ಎಂಬ ಎಚ್ಚರವೇ ಆಟಗಾರನ ನಿಜವಾದ ಬಂಡವಾಳ.

ಈ ಪರಂಪರೆ ಮೈಸೂರಿನಲ್ಲಿ ವಿಶಿಷ್ಟ ರೂಪ ತಾಳಿತು. 1831ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ಕೈಸೇರಿದ ಅನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಆಸಕ್ತಿಯು ಗ್ರಂಥ, ಚಿತ್ರ ಮತ್ತು ಬುದ್ಧಿಯ ಆಟಗಳತ್ತ ಹೆಚ್ಚಾಗಿ ಹರಿಯಿತು. ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಭಾಗದಲ್ಲಿ ಅವರು ‘ಛದ’ಗಳೆಂಬ ಎಲೆಯಾಟಗಳನ್ನು ನಿರೂಪಿಸಿದ್ದಾರೆ. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಇಸ್ಪೀಟೆಲೆಯೆಂಬ ಕನ್ನಡದ ಬಳಕೆಯಲ್ಲಿಯೂ ಅದೇ ಅರ್ಥವಿರುವುದು ಗಮನಾರ್ಹ. ಈ ಕಟ್ಟುಗಳಲ್ಲಿ 36ರಿಂದ 360ರವರೆಗೆ ಎಲೆಗಳಿದ್ದವು. ದೇವತೆಗಳು, ಗ್ರಹಗಳು, ರತ್ನಗಳು ಎಲೆಗಳ ಮೇಲೆ ಚಿತ್ರಿತವಾದವು. ಚಿತ್ರಕಲೆಯ ದೃಷ್ಟಿಯಿಂದ ಇದು ಉನ್ನತ ಸಾಧನೆ. ಆದರೆ 360 ಎಲೆಗಳ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಬಲ್ಲವರು ಎಷ್ಟು ಮಂದಿ ಇದ್ದಾರು? ಆಟದ ಹಿರಿಮೆ ಹೆಚ್ಚಿದಷ್ಟೂ ಆಡುವವರ ಬಳಗ ಕಿರಿದಾಯಿತೆನ್ನಬೇಕು. ಛದವು ಅರಮನೆಯಿಂದ ತಾಲ್ಲೂಕುಗಳ ಜಗಲಿಗೆ ಇಳಿಯಲಿಲ್ಲ.

ಜಗಲಿಯನ್ನು ಆಕ್ರಮಿಸಿದ್ದು ಯುರೋಪಿನಿಂದ ಬಂದ 52 ಎಲೆಗಳ ಅಚ್ಚಿನ ಕಟ್ಟು. ಕಳಾವರ್, ಆಟೀನು ಎಂಬ ಹೆಸರುಗಳು ಡಚ್ಚರ ‘ಕ್ಲಾವರ್’, ‘ಹಾರ್ಟೆನ್’ ಪದಗಳನ್ನು ನೆನಪಿಸುತ್ತವೆ. ಪರದೇಶದ ಕಟ್ಟಿನಲ್ಲಿ ಸುತ್ತು ಗೆಲ್ಲುವ ಹಳೆಯ ತತ್ತ್ವವೇ ಮುಂದುವರಿಯಿತು. ಹೊಸದಾಗಿ ಸೇರಿದ್ದು ತುರುಪು. ನಾಡಿನೆಲ್ಲೆಡೆ ಪರಿಚಿತವಾದ ‘ಮೂರು-ಎರಡು-ಐದು’ ಆಟ ಇದಕ್ಕೆ ಉತ್ತಮ ನಿದರ್ಶನ. ಮೂವರಿಗೆ ತಲಾ 10 ಎಲೆ; ಒಬ್ಬನು 5 ಸುತ್ತು, ಮತ್ತೊಬ್ಬನು 3, ಇನ್ನೊಬ್ಬನು 2 ಗೆಲ್ಲಬೇಕು. ಐದರ ಹೊಣೆ ಹೊತ್ತವನು ಮೊದಲ 5 ಎಲೆಗಳನ್ನಷ್ಟೇ ನೋಡಿ ತುರುಪು ಹೇಳುತ್ತಾನೆ. ಕೊರತೆ ಬಿದ್ದವನ ಕೈಯಿಂದ, ಹೆಚ್ಚು ಗೆದ್ದವನು ಮುಂದಿನ ಸರತಿಯಲ್ಲಿ ಎಲೆ ಎಳೆಯುತ್ತಾನೆ. ಹೊಣೆಯು ಸರದಿಯಂತೆ ಎಲ್ಲರಿಗೂ ಬರುತ್ತದೆ. ಇಲ್ಲಿ ಸಾಲವಿದೆ, ವಸೂಲಿಯಿದೆ, ಹಣವಿಲ್ಲ. ಅಜ್ಜನಿಗೂ ಮೊಮ್ಮಗಳಿಗೂ ಒಂದೇ ಕಟ್ಟಳೆ.

ಈ ಭೇದವನ್ನು ಸಮಾಜವು ಸದಾ ಗುರುತಿಸಲಿಲ್ಲ. ಹಾಸನವೂ ಸೇರಿದಂತೆ ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಜೂಜು ರೂಢಿಯಾಗಿದ್ದು, ಅಲ್ಲಿ ಮೆರೆಯುವುದು ಕೇವಲ ಅದೃಷ್ಟವನ್ನವಲಂಬಿಸಿದ ಅಂದರ್-ಬಾಹರ್. ಅದರ ಅಪಕೀರ್ತಿ ಎಲ್ಲ ಎಲೆಯಾಟಗಳಿಗೂ ಅಂಟಿತು. ‘ಇಸ್ಪೀಟಾಡುವವನು’ ಎಂಬ ಮಾತು ಬೈಗುಳಕ್ಕೆ ಸಮನಾಯಿತು. ಆದರೆ 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಪರಿಗಣಿಸಿದಾಗ, ಬಿದ್ದ ಎಲೆಗಳನ್ನು ನೆನಪಿಡಬೇಕಾದ ಅಗತ್ಯವನ್ನು ಒಂದು ಕಾರಣವಾಗಿ ಎತ್ತಿ ಹೇಳಿತು. ಗಂಜೀಫಾಕ್ಕೂ ತುರುಪಿಗೂ ಆಧಾರವಾದ ಗುಣ ಇದೇ.

ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರ ಶ್ರಮದಿಂದ ಮೈಸೂರು ಗಂಜೀಫಾದ ಚಿತ್ರಕಲೆಯು ಮರುಜೀವ ಪಡೆದಿದೆ; ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೆ ಹೀಗೆ ರಕ್ಷಣೆ ಪಡೆದದ್ದು ಎಲೆಯೇ ಹೊರತು ಆಟವಲ್ಲ. ಚೌಕಟ್ಟಿನೊಳಗೆ ಗೋಡೆಯೇರಿದ ಎಲೆಯನ್ನು ಯಾರೂ ಇಳಿಸಿ ಸುತ್ತು ಗೆಲ್ಲುವುದಿಲ್ಲ. ಇದಕ್ಕೆ ವಿರುದ್ಧವಾಗಿ, ತುರುಪಿನ ಎಲೆ ಅಗ್ಗದ್ದು, ಸವೆದದ್ದು. ಆಟ ಮಾತ್ರ ಜೀವಂತ. ಮನೆಯಿಂದ ಮನೆಗೆ ಬದಲಾಗುವ ಅದರ ಕಟ್ಟಳೆ, ಪದ, ಸಂಕೇತಗಳನ್ನು ಅರಸೀಕೆರೆ, ಬೇಲೂರು ತಾಲ್ಲೂಕುಗಳಂಥ ಕಡೆಗಳಲ್ಲಿ ಹಿರಿಯರ ಬಾಯಿಂದಲೇ ಕೇಳಿ ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಕಾರ್ಯವಾಗಬೇಕು. ಕಲ್ಲಿನ ಬರಹ ಒಂಬತ್ತು ಶತಮಾನ ಕಾದೀತು. ಮನುಷ್ಯನ ನೆನಪಿಗೆ ಅಷ್ಟು ಆಯುಷ್ಯವಿಲ್ಲ.