ಜೈನ ಗ್ರಂಥಗಳಲ್ಲಿ ಯೂಕಾ-ಲಿಕ್ಷಾ ವಿಚಾರ

ಗದಗ ಜಿಲ್ಲೆಯ ಮುಳಗುಂದವು ಪ್ರಾಚೀನ ಜೈನ ಕೇಂದ್ರಗಳಲ್ಲಿ ಒಂದು. ಶಕ 824ರ (ಕ್ರಿ.ಶ. 902-03) ಶಾಸನವು ಅಲ್ಲಿಯ ಜಿನಾಲಯವನ್ನೂ ಮುನಿಪರಂಪರೆಯನ್ನೂ ಉಲ್ಲೇಖಿಸುತ್ತದೆ. ಮಲ್ಲಿಷೇಣಸೂರಿಯು ಶಕ 969ರಲ್ಲಿ (ಕ್ರಿ.ಶ. 1047) ತನ್ನ ಮಹಾಪುರಾಣವನ್ನು ಮುಗಿಸಿದುದು ಇಲ್ಲಿಯೇ. ಧರ್ಮಾಮೃತದ ಕರ್ತೃವಾದ ನಯಸೇನನೂ ಈ ಊರಿನವನು. ಇಲ್ಲಿಯೂ ಲಕ್ಷ್ಮೇಶ್ವರದ ಶಂಖ ಬಸದಿ, ಲಕ್ಕುಂಡಿಯ ಬ್ರಹ್ಮ ಜಿನಾಲಯ ಮೊದಲಾದ ನೆಲೆಗಳಲ್ಲಿಯೂ ಸಂದ ದಿಗಂಬರ ಮುನಿಗಳಿಗೆ ವಿಹಿತವಾದ 28 ಮೂಲಗುಣಗಳಲ್ಲಿ ಕೇಶಲೋಚವು ಒಂದು. ಲೋಚವನ್ನು ವೈರಾಗ್ಯದ ಕುರುಹೆಂದೂ ಪರೀಷಹಜಯದ ಸಾಧನವೆಂದೂ ವಿವರಿಸುವುದು ರೂಢಿ. ಅದು ಸರಿಯೇ. ಆದರೆ ಆಚಾರಗ್ರಂಥಗಳು ಕೊಡುವ ಕಾರಣಗಳಲ್ಲಿ ಮತ್ತೊಂದು ಅಷ್ಟಾಗಿ ವಿದ್ವಾಂಸರ ಗಮನಕ್ಕೆ ಬಂದಿಲ್ಲ. ಅದು ತಲೆಯ ಹೇನು.

ಸಂಸ್ಕೃತದ ಯೂಕಾ, ಲಿಕ್ಷಾ ಶಬ್ದಗಳು ಪ್ರಾಕೃತದಲ್ಲಿ ಜೂಗಾ, ಲಿಕ್ಖಾ ಎಂದಾಗುತ್ತವೆ. ಹಳಗನ್ನಡದಲ್ಲಿ ಪೇನ್, ಸೀರ್. ಇಂದಿನ ಮಾತಿನಲ್ಲಿ ಹೇನು, ಸೀರು. ಶಿವಾರ್ಯರ ಭಗವತೀ ಆರಾಧನೆಯ ಲೋಚಪ್ರಕರಣವು ಈ ವಿಷಯವನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಕನ್ನಡದ ವಡ್ಡಾರಾಧನೆಯ 19 ಕಥೆಗಳಿಗೂ ಈ ಗ್ರಂಥದ ಗಾಹೆಗಳೇ ಆಧಾರವಾದ್ದರಿಂದ ಕನ್ನಡ ಓದುಗರಿಗೆ ಇದು ಅಪರಿಚಿತವಲ್ಲ. ಅಲ್ಲಿಯ ವಾದಸರಣಿ ಹೀಗಿದೆ: ಸಂಸ್ಕಾರವಿಲ್ಲದ ಕೂದಲಿನಲ್ಲಿ ಜೀವಿಗಳು ಸೇರಿಕೊಳ್ಳುತ್ತವೆ, ಅವುಗಳನ್ನು ಪರಿಹರಿಸುವುದು ಕಷ್ಟ. ಅವುಗಳ ಬಾಧೆಯಿಂದ ಮುನಿಯ ಪರಿಣಾಮಗಳು ಕಲುಷಿತವಾಗುತ್ತವೆ. ತುರಿಸಿಕೊಂಡರೆ ಅವು ಘಾಸಿಗೊಳ್ಳುತ್ತವೆ. ಆದುದರಿಂದ ಲೋಚ. ಮುನಿಗೆ ಆಗುವ ಸಂಕ್ಲೇಶ, ಹೇನಿಗೆ ಆಗುವ ಪೀಡೆ, ಇವೆರಡನ್ನೂ ಗ್ರಂಥಕಾರರು ಒಂದೇ ಗಾಹೆಯಲ್ಲಿ ಇಟ್ಟಿರುವುದು ಗಮನಾರ್ಹ. ಕ್ಷೌರಕ್ಕೆ ಬೇಕಾದ ಹಣವನ್ನು ಮುನಿಯು ಇಟ್ಟುಕೊಳ್ಳುವಂತಿಲ್ಲ, ಜಟೆ ಬಿಟ್ಟರೆ ಹೇನುಗಳ ಹಿಂಸೆ ತಪ್ಪದು ಎಂದು ಪದ್ಮನಂದಿಯ ಪಂಚವಿಂಶತಿಯೂ ಹೇಳುತ್ತದೆ. ಮೂಲಾಚಾರದಲ್ಲಿ ಲೋಚಕ್ಕೆ ಎರಡು, ಮೂರು, ನಾಲ್ಕು ತಿಂಗಳುಗಳ ಅವಧಿಯನ್ನು ಕ್ರಮವಾಗಿ ಉತ್ಕೃಷ್ಟ, ಮಧ್ಯಮ, ಜಘನ್ಯ ಎಂದು ವಿಧಿಸಲಾಗಿದೆ.

ಹೇನಿಗೆ ಈ ಗೌರವ ದೊರೆತುದು ಜೀವವಿಭಾಗದಿಂದ. ಕುಂದಕುಂದಾಚಾರ್ಯರ ಪಂಚಾಸ್ತಿಕಾಯದಲ್ಲಿ ಸ್ಪರ್ಶ, ರಸ, ಗಂಧಗಳನ್ನು ಅರಿಯುವ ತ್ರೀಂದ್ರಿಯ ಜೀವಿಗಳ ಪಟ್ಟಿಯು ಯೂಕಾ ಶಬ್ದದಿಂದಲೇ ಮೊದಲಾಗುತ್ತದೆ. ಇಂತಹ ಜೀವಿಗಳ ಜನ್ಮವನ್ನು ಸಮ್ಮೂರ್ಛನವೆಂದು, ಅಂದರೆ ತಾಯಿತಂದೆಗಳಿಲ್ಲದ ಉತ್ಪತ್ತಿಯೆಂದು ಶಾಸ್ತ್ರವು ಎಣಿಸುತ್ತದೆ. ಇಂದಿನ ಕೀಟವಿಜ್ಞಾನದ ನಿರ್ಣಯ ಬೇರೆ. ಹೇನಿಗೆ ಬೆಳಕನ್ನು ಗುರುತಿಸುವ ಚಿಕ್ಕ ಕಣ್ಣುಗಳಿವೆ; ಹೆಣ್ಣು ಹೇನು ಕೂದಲ ಬುಡಕ್ಕೆ ಅಂಟಿಸಿದ ಸೀರು ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಒಡೆದು ಮರಿ ಹೊರಬರುತ್ತದೆ.

ಯೂಕಾ, ಲಿಕ್ಷಾಗಳು ಮಾನದ ಹೆಸರುಗಳೂ ಹೌದು. ಯತಿವೃಷಭರ ತಿಲೋಯಪಣ್ಣತ್ತಿಯಲ್ಲಿ 8 ಕರ್ಮಭೂಮಿಯ ವಾಲಾಗ್ರಗಳಿಗೆ ಒಂದು ಲಿಕ್ಷಾ, 8 ಲಿಕ್ಷಾಗಳಿಗೆ ಒಂದು ಯೂಕಾ, 8 ಯೂಕಾಗಳಿಗೆ ಒಂದು ಯವ, 8 ಯವಗಳಿಗೆ ಒಂದು ಅಂಗುಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಲಿಕ್ಷಾದಿಂದ ಅಂಗುಲದವರೆಗಿನ ಕ್ರಮ ಇದೇ. ಈ ಲೆಕ್ಕದಂತೆ ಒಂದು ಅಂಗುಲಕ್ಕೆ 64 ಯೂಕಾ, 512 ಲಿಕ್ಷಾ. ಆದರೆ ಬೆಳೆದ ಹೇನಿನ ಉದ್ದ ಎರಡರಿಂದ ಮೂರು ಮಿಲಿಮೀಟರ್. ಅಂತಹ 64 ಹೇನುಗಳನ್ನು ಸಾಲಾಗಿಟ್ಟರೆ ಅಂಗುಲವೇಕೆ, ಗೇಣಿನ ಬಹುಭಾಗವೇ ತುಂಬುತ್ತದೆ. ಆದ್ದರಿಂದ ಇಲ್ಲಿ ಯೂಕಾ ಎಂಬುದು ಗಣಿತದ ಸಂಜ್ಞೆಯೇ ಹೊರತು ಹೇನಿನ ಪ್ರತ್ಯಕ್ಷ ಅಳತೆಯಲ್ಲ. ಗಣಿತದ ಪ್ರಕರಣದಲ್ಲಿ ಬಂದ ಶಬ್ದಕ್ಕೆ ವೈದ್ಯದ ಅರ್ಥ ಹಚ್ಚದಂತೆ ಹಸ್ತಪ್ರತಿಗಳನ್ನು ಓದುವವರು ಎಚ್ಚರ ವಹಿಸಬೇಕು.

ವೈದ್ಯಶಾಸ್ತ್ರದಲ್ಲಿ ಚರಕಸಂಹಿತೆಯು ಕೂದಲು ಹಾಗೂ ಬಟ್ಟೆಯ ಹೇನುಗಳನ್ನು ಹೊರಮೈಯ ಕ್ರಿಮಿಗಳೆಂದು ಕರೆದು, ಶುಚಿತ್ವದ ಅಭಾವವೇ ಅವುಗಳಿಗೆ ಕಾರಣವೆಂದೂ ಕಿತ್ತು ತೆಗೆಯುವುದು ಚಿಕಿತ್ಸೆಯೆಂದೂ ಹೇಳುತ್ತದೆ. ಬಟ್ಟೆಯ ಹೇನಾದ ಕೂರೆಯ ವಿಷಯದಲ್ಲಿ ಈ ಕಾರಣ ಇಂದಿಗೂ ಒಪ್ಪತಕ್ಕದ್ದು. ತಲೆಯ ಹೇನಾದರೋ ತೊಳೆದ ಕೂದಲಿಗೂ ಬರುತ್ತದೆ. ಅದು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ. ಹೇನಾದ ಮಗುವನ್ನೋ ಅದರ ತಾಯಿಯನ್ನೋ ಕೊಳಕರೆಂದು ಹಳಿಯುವುದಕ್ಕೆ ಆದ್ದರಿಂದ ಆಧಾರವಿಲ್ಲ.

ಲೋಚವು ಮುನಿಗೆ ಸರಿ, ಗೃಹಸ್ಥನ ಗತಿಯೇನು? ನಯಸೇನನ ಧರ್ಮಾಮೃತದ 14 ಕಥೆಗಳಲ್ಲಿ ಕೊನೆಯ ಐದು ಅಣುವ್ರತಗಳನ್ನು ಕುರಿತವು. ಅವುಗಳಲ್ಲಿ ಮೊದಲನೆಯದಾದ ಅಹಿಂಸಾಣುವ್ರತದಂತೆ ಶ್ರಾವಕನು ತ್ರಸಜೀವಿಯನ್ನು ಸಂಕಲ್ಪಪೂರ್ವಕವಾಗಿ ಕೊಲ್ಲಬಾರದು. ಹೇನು ತ್ರಸಜೀವಿ. ಗುಜರಾತಿನಲ್ಲಿ ಕುಮಾರಪಾಲನ ಆಳ್ವಿಕೆಯಲ್ಲಿ (ಕ್ರಿ.ಶ. 1143-1172) ಹೇನು ಕೊಂದ ವರ್ತಕನೊಬ್ಬನ ಸೊತ್ತನ್ನು ಕಸಿದು ಅದರಿಂದ ಯೂಕಾವಿಹಾರವೆಂಬ ಬಸದಿಯನ್ನು ಕಟ್ಟಿಸಲಾಯಿತೆಂದು ಮೇರುತುಂಗನ ಪ್ರಬಂಧಚಿಂತಾಮಣಿ ಹೇಳುತ್ತದೆ. ರಾಜದಂಡದಿಂದ ಅಹಿಂಸೆಯನ್ನು ನಡೆಸುವ ಈ ಮಾರ್ಗಕ್ಕೂ ಆರಾಧನೆಯ ಮಾರ್ಗಕ್ಕೂ ಅಂತರ ಬಹಳ.

ಕೊಲ್ಲದೆ ತೆಗೆದಿಟ್ಟರೆ ಸಾಕೆಂದು ಭಾವಿಸುವುದೂ ಪೂರ್ಣ ಸಮಾಧಾನವಲ್ಲ. ರಕ್ತವೇ ಆಹಾರವಾದ ಹೇನು ತಲೆಯಿಂದ ಬೇರೆಯಾದ ಮೇಲೆ ಒಂದೆರಡು ದಿನಗಳಿಗಿಂತ ಹೆಚ್ಚು ಬದುಕದು. ಹಾಗೆಂದು ಮಗುವಿನ ತಲೆಯಲ್ಲಿ ಬೆಳೆಯಲು ಬಿಟ್ಟರೆ ತುರಿಕೆ, ನಿದ್ರಾಭಂಗ, ಕೆರೆದ ಗಾಯಗಳಲ್ಲಿ ಕೀವು ಉಂಟಾಗಬಹುದು. ಮಗುವಿನ ಪೀಡೆಯೂ ಪೀಡೆಯೇ. ಆದ್ದರಿಂದ ಹಾನಿ ಅತ್ಯಲ್ಪವಾಗುವುದು ಸಂಖ್ಯೆ ಹೆಚ್ಚುವ ಮುನ್ನ ಕಂಡುಕೊಂಡಾಗ ಮಾತ್ರ. ತಲೆಯನ್ನು ಆಗಾಗ ನೋಡುವುದು, ಒದ್ದೆ ಕೂದಲನ್ನು ಒತ್ತು ಹಲ್ಲಿನ ಸೀರಣಿಗೆಯಿಂದ ಮೂರುನಾಲ್ಕು ದಿನಕ್ಕೊಮ್ಮೆ ಎರಡು ವಾರ ಬಾಚುವುದು, ಮನೆಯವರೆಲ್ಲರ ತಲೆಯನ್ನೂ ಒಟ್ಟಿಗೆ ಪರೀಕ್ಷಿಸುವುದು ಇದಕ್ಕೆ ಉಪಾಯ. ಸೀಮೆಎಣ್ಣೆ, ಹೊಲದ ಕೀಟನಾಶಕಗಳು ಮಗುವಿಗೇ ಅಪಾಯಕರ.

ಉತ್ಪತ್ತಿಯ ವಿಷಯದಲ್ಲಿ ಪ್ರಾಚೀನರ ತಿಳಿವಳಿಕೆ ಇಂದು ತಿದ್ದುಪಡಿಯಾಗಿದೆ. ಆದರೆ ಹಿಂಸೆಗೆ ಎಡೆಯಾಗುವ ಮುನ್ನವೇ ಎಚ್ಚರಗೊಳ್ಳಬೇಕೆಂಬ ಶಿವಾರ್ಯರ ದೃಷ್ಟಿಯು ಬಿದ್ದುಹೋಗಿಲ್ಲ. ಮುನಿಯು ಎರಡು ತಿಂಗಳಿಗೊಮ್ಮೆ ಲೋಚದಿಂದ ಸಾಧಿಸುವ ಯತ್ನಾಚಾರವನ್ನೇ ಗೃಹಿಣಿಯು ಸೀರಣಿಗೆಯಿಂದ ಸಾಧಿಸುತ್ತಾಳೆ.