ಮ್ಲ್ಯೆಟ್ ದ್ವೀಪದ ಸೈಕಲ್ ವಿಹಾರ

ಕ್ರೊಯೇಷಿಯದ ದಕ್ಷಿಣ ಭಾಗದಲ್ಲಿ, ಏಡ್ರಿಯಾಟಿಕ್ ಸಮುದ್ರದಲ್ಲಿರುವ ಮ್ಲ್ಯೆಟ್ ದ್ವೀಪದ ರಾಷ್ಟ್ರೀಯ ಉದ್ಯಾನದೊಳಗೆ, ಮೋಟಾರು ವಾಹನಗಳ ಓಡಾಟವಿಲ್ಲದ ಸರೋವರತೀರದ ದಾರಿಯಲ್ಲಿ ನಡೆಯುವ ನಿಧಾನಗತಿಯ ಸೈಕಲ್ ಪ್ರವಾಸ. ದ್ವೀಪದ ಪಶ್ಚಿಮ ತುದಿಯನ್ನು ಒಳಗೊಂಡ ಈ ಉದ್ಯಾನ 1960ರಲ್ಲಿ ಸ್ಥಾಪನೆಯಾಯಿತು. ವೆಲಿಕೊ ಯೆಜೆರೊ (ದೊಡ್ಡ ಸರೋವರ) ಮತ್ತು ಮಾಲೊ ಯೆಜೆರೊ (ಚಿಕ್ಕ ಸರೋವರ) ಇದರ ಕೇಂದ್ರವಾಗಿದ್ದು, ಹಿಂದೆ ಸಿಹಿನೀರಿನವಾಗಿದ್ದ ಇವು ಸಮುದ್ರಮಟ್ಟ ಏರಿದ ಮೇಲೆ ಉಪ್ಪುನೀರಿನವಾದವು. ಅಲೆಪ್ಪೊ ಪೈನ್ ಮರಗಳ ನೆರಳಿನಲ್ಲಿ ನೀರಿನಂಚನ್ನೇ ಹಿಡಿದು ಸಾಗುವ ದಾರಿ ಬಹುತೇಕ ಸಮತಟ್ಟಾಗಿರುವುದರಿಂದ, ಗುಡ್ಡಗಾಡಾದ ದ್ವೀಪದ ಉಳಿದೆಡೆಗಿಂತ ಇಲ್ಲಿನ ಸವಾರಿ ಬಹಳ ಸುಲಭ. ಎರಡು ಸರೋವರಗಳನ್ನು ಕೂಡಿಸುವ ಕಿರುಗಾಲುವೆಯ ಮೇಲಿನ ಮಾಲಿ ಮೋಸ್ಟ್ (ಚಿಕ್ಕ ಸೇತುವೆ) ಸವಾರರ ಮುಖ್ಯ ತಂಗುದಾಣ. ಉಬ್ಬರವಿಳಿತಕ್ಕೆ ತಕ್ಕಂತೆ ಅದರಡಿಯ ಹರಿವು ದಿಕ್ಕು ಬದಲಿಸುವುದು ಬರಿಗಣ್ಣಿಗೇ ಕಾಣುತ್ತದೆ. ಬಾಡಿಗೆ ಸೈಕಲ್ಲುಗಳು ಇಲ್ಲಿಯೂ ಪೊಮೆನಾ ಹಳ್ಳಿಯಲ್ಲಿಯೂ ದೊರೆಯುತ್ತವೆ. ದೊಡ್ಡ ಸರೋವರವನ್ನು ಸಮುದ್ರಕ್ಕೆ ಜೋಡಿಸುವ ಸೊಲಿನೆ ಕಾಲುವೆಗೆ ಸೇತುವೆ ಇಲ್ಲದ ಕಾರಣ ಆ ಸರೋವರದ ಪೂರ್ಣ ಪ್ರದಕ್ಷಿಣೆ ಸೈಕಲ್ಲಿನಲ್ಲಿ ಸಾಧ್ಯವಿಲ್ಲ. ಅದರ ನಡುಗಡ್ಡೆಯಲ್ಲಿ 12ನೆಯ ಶತಮಾನದಲ್ಲಿ ಸ್ಥಾಪಿತವಾದ ಬೆನೆಡಿಕ್ಟೈನ್ ಮಠವಿದ್ದು, ಅಲ್ಲಿಗೆ ದೋಣಿಯಲ್ಲಿ ಹೋಗಬೇಕು. ವಿಷಸರ್ಪಗಳ ನಿಯಂತ್ರಣಕ್ಕೆಂದು 1910ರಲ್ಲಿ ತಂದುಬಿಟ್ಟ ಭಾರತೀಯ ಮೂಲದ ಕಿರು ಮುಂಗುಸಿಯ ಸಂತತಿ ದ್ವೀಪದಲ್ಲಿ ಇಂದಿಗೂ ಉಳಿದಿದ್ದು, ಸ್ಥಳೀಯ ಹಕ್ಕಿಗಳಿಗೂ ಸರೀಸೃಪಗಳಿಗೂ ಹಾನಿಕರವಾಗಿದೆ.